ಶಿದ್ರಾಮಪ್ಪನ ಗಾಡಿ ನೂಕುವವರು

ಜಮಖಂಡಿಯಲ್ಲಿ ಶಿದ್ರಾಮಪ್ಪನಿಗೆ ಎಂಥ ಮರ್ಯಾದೆ ಇತ್ತೆಂದು ನೋಡಬೇಕಾಗಿದ್ದರೆ ನೀವು ಹೋದ ಚಳಿಗಾಲದೊಳಗೆ ನಮ್ಮ ಓಣಿಗೆ ಬರಬೇಕಿತ್ತು, ಅದೂ ಮುಂಜಾನೆ. ಸುಮ್ಮನೆ ನೋಡಿ ಹೋಗುತ್ತೇನೆ ಅಂದರೆ ನಡೆಯುತ್ತಿರಲಿಲ್ಲ, ಬಂದವರು ಕೈ ಹಚ್ಚಲೇಬೇಕು. ಅವನ ಮನೆ ಮುಂದೆ ಒಂದು ಬಿಳಿ ಡೀಸೆಲ್ ಕಾರು. ಬಿಳಿ ಎಂದು ಅದರ ಕಾಗದಪತ್ರದಲ್ಲಿದೆ, ಅದಕ್ಕೆ ನಾನೂ ಬಿಳಿ ಅನ್ನುತ್ತೇನೆ. ಕಾರಿನ ಹಿಂದೆ ಓಣಿಯ ಗಂಡಸರೆಲ್ಲ ಕಿವಿಗೆ ಮಫ್ಲರ್ ಬಿಗಿದುಕೊಂಡು, ಡಿಕ್ಕಿಗೆ ಎರಡೂ ಕೈ ಕೊಟ್ಟು, ಬಗ್ಗಿ ನಿಂತಿರುತ್ತಿದ್ದರು. ಒಳಗೆ ಸ್ಟೇರಿಂಗ್ ಹಿಡಿದು ಕೂತ ಶಿದ್ರಾಮಪ್ಪ ಕಿಟಕಿಯಿಂದ ಕೈ ಹೊರಗೆ ಚಾಚಿ ಬೆರಳು ಅಲ್ಲಾಡಿಸುತ್ತಿದ್ದ. ನಾವು ನೂಕುತ್ತಿದ್ದೆವು. ಮನೆ ಮುಂದಿನ ಸಪಾಟು ಜಾಗ ದಾಟಿ ಇಳಿಜಾರಿಗೆ ಬಿದ್ದ ಮೇಲೆ ಗಾಡಿ ಕೆಮ್ಮಿ, ಉಗುಳಿ, ಓಣಿ ತುಂಬ ಹೊಗೆ ಬಿಟ್ಟು ಚಾಲೂ ಆಗುತ್ತಿತ್ತು. 'ನೋಡ್ರಿ, ಒಂದ ನೂಕಿಗೆ ಚಾಲೂ ಆತು' ಎಂದು ಅವನು ದಿನಾ ಹೇಳುತ್ತಿದ್ದ. ಒಂದು ನೂಕೋ ಹತ್ತು ನೂಕೋ ಎಂಬುದು ನೂಕಿದವರಿಗೆ ಗೊತ್ತಿತ್ತು.

ನಾನು ಅವನ ಎದುರು ಮನೆಯವ, ಸಿದ್ದಾರೂಢ. ಪೇಟೆಯಲ್ಲಿ ಸೀರೆ ಅಂಗಡಿ ಇದೆ, ಮಾಲು ರಬಕವಿ-ಬನಹಟ್ಟಿಯದು. ಶಿದ್ರಾಮಪ್ಪ ನನಗಿಂತ ಹಿರಿಯ, ಎದುರಿಗೆ ಅಣ್ಣಾ ಅನ್ನುತ್ತೇನೆ, ಬರೆಯುವಾಗ ಮಾತ್ರ ಹೀಗೆ ಏಕವಚನ. ಅಷ್ಟು ವರ್ಷ ನೂಕಿದವನಿಗೆ ಇಷ್ಟಾದರೂ ಹಕ್ಕು ಬೇಡವೇ. ಅವನಿಗೆ ಸಾವಳಗಿ ರಸ್ತೆಯ ಕಡೆ ಒಂದು ಹಳ್ಳಿಯಲ್ಲಿ ಹೊಲವಿದೆ, ಕಬ್ಬಿದೆ, ಎಮ್ಮೆಗಳಿವೆ. ಒಂದು ಸಲ ಸೊಸೈಟಿ ಎಲೆಕ್ಷನ್ನಿಗೆ ನಿಂತಿದ್ದ. ಬಿದ್ದ. ಅದೇನು ಸಣ್ಣ ಸೋಲಲ್ಲ, ಸ್ವಂತ ಓಣಿಯವರೂ ಕೈ ಬಿಟ್ಟಿದ್ದರು. ನಾನು ಮಾತ್ರ ಹಾಕಿದ್ದೇನೆ ಎಂದು ಆಣೆ ಮಾಡಿ ಹೇಳಿದ್ದೆ, ಅವನು ನಂಬಿದ. ಅದಾದ ಮುಂದಿನ ಚಳಿಗಾಲದಲ್ಲೇ ಗಾಡಿ ಮುಂಜಾನೆ ಚಾಲೂ ಆಗುವುದನ್ನು ಬಿಟ್ಟಿತು, ಓಣಿಯವರು ಬಂದು ನೂಕತೊಡಗಿದರು. ಎಲೆಕ್ಷನ್ನಿನಲ್ಲಿ ಸಿಗದ ಜನಬಲ ಡಿಕ್ಕಿಯ ಹಿಂದೆ ಬಂದು ನಿಂತಿತು. ಕನ್ನಡಿಯೊಳಗೆ ನಮ್ಮನ್ನು ನೋಡುತ್ತ ಕೂತವನ ಮುಖದ ಕಳೆ ನೋಡಿದರೆ, ಗೆದ್ದವರ ಮುಖದಲ್ಲೂ ಅಷ್ಟು ಇರುತ್ತಿರಲಿಲ್ಲ.

ಗಾಡಿಗೆ ಏನಾಗಿತ್ತೆಂಬುದು ಗುಟ್ಟೇನಲ್ಲ. ಡೀಸೆಲ್ ಇಂಜಿನ್ನಿಗೆ ಮುಂಜಾನೆಯ ತಂಪಿನಲ್ಲಿ ಹೊತ್ತಿಕೊಳ್ಳಲು ಒಳಗೆ ಸ್ವಲ್ಪ ಬಿಸಿ ಬೇಕು. ಕೀಲಿ ತಿರುವಿದ ಕೂಡಲೆ ಆ ಬಿಸಿ ಕೊಡಲಿಕ್ಕೆಂದು ಸಿಲಿಂಡರಿಗೊಂದರಂತೆ ಹೀಟರ್ ಪ್ಲಗ್ ಇರುತ್ತವೆ, ಬಹಳವೆಂದರೆ ಪೆನ್ಸಿಲ್ ದಪ್ಪ. ಇವನ ಗಾಡಿಯಲ್ಲಿ ನಾಲ್ಕೂ ಸುಟ್ಟು ಹೋಗಿದ್ದವು. ಇಂಜಿನ್ ಒಮ್ಮೆ ಬಿಸಿಯಾದರೆ ಅವುಗಳ ಹಂಗಿಲ್ಲದೆ ಓಡುತ್ತದೆ. ಬೇಸಿಗೆಯಲ್ಲಂತೂ ಸ್ವಲ್ಪ ಗೊಣಗಿ ತಾನೇ ಚಾಲೂ ಆಗುತ್ತದೆ, ಹೀಗಾಗಿ ಏಪ್ರಿಲ್, ಮೇ ನಮಗೆ ಸೂಟಿ. ಮಳೆ ಬಿದ್ದು ಗಾಳಿ ತಂಪಾಯಿತೆಂದರೆ ಮತ್ತೆ ಹಾಜರಿ. ನಾಲ್ಕು ಪ್ಲಗ್ ಬದಲಿಸಿದರೆ ಮುಗಿಯುವ ಕೆಲಸ.

ಆದರೆ ಅಷ್ಟು ಸಣ್ಣ ರೋಗ ತನ್ನ ಗಾಡಿಗೆ ಬಂದಿದೆ ಎಂದು ಶಿದ್ರಾಮಪ್ಪ ಒಪ್ಪಬೇಕಲ್ಲ. ಮೊದಲು ಹೊಸ ಬ್ಯಾಟರಿ ಹಾಕಿಸಿದ. ಆಮೇಲೆ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ. ಇಂಜಿನ್ ಮೇಲೆ ಬಿಸಿನೀರು ಸುರಿದ. ಒಂದು ಮುಂಜಾನೆ ಗಾಡಿಯ ಕೆಳಗೆ ಕುಳ್ಳಿನ ಬೆಂಕಿಯನ್ನೇ ಹಾಕಿದ. ಅವನ ಹೆಂಡತಿ ಇಂದ್ರವ್ವ ಕೊಡ ತಂದು ನೀರು ಸುರಿಯದೇ ಇದ್ದಿದ್ದರೆ ಈ ಕಥೆ ಅಲ್ಲಿಗೇ ಬೂದಿಯಾಗುತ್ತಿತ್ತು. ಗಾಡಿಯನ್ನು ಮುಧೋಳಕ್ಕೆ ಒಯ್ದ. ಅಲ್ಲಿನ ಮಿಸ್ತ್ರಿ ಪಂಪು ಸರಿಯಿಲ್ಲ, ಹೀಟರ್ ಪ್ಲಗ್ಗೂ ಹೋಗಿವೆ ಅಂದ. ಇವನು ಪಂಪಿನ ಮಾತನ್ನಷ್ಟೇ ಕೇಳಿಸಿಕೊಂಡ. ಬನಹಟ್ಟಿಯವನು ವೈರಿಂಗ್ ಅಂದ, ಪ್ಲಗ್ಗೂ ಅಂದ. ಇವನು ವೈರಿಂಗ್ ಮಾಡಿಸಿಕೊಂಡು ಬಂದ. ಬೀಳಗಿಯಲ್ಲಿ ಬೀಗರ ಮನೆಯ ಮದುವೆಗೆ ಹೋದಾಗ ಇಂಜಿನ್ ಬಂದ್ ಮಾಡುವ ಧೈರ್ಯವಾಗದೆ, ಅಕ್ಷತೆ ಬಿದ್ದು ಊಟದ ಪಂಕ್ತಿ ಏಳುವವರೆಗೂ ಮಂಟಪದ ಹೊರಗೆ ಓಡಿಸಿಯೇ ಇಟ್ಟ. ಬಿಸಿ ಇಂಜಿನ್ ತಾನೇ ಚಾಲೂ ಆಗುತ್ತದೆ ಎಂದು ನಾನು ಹೇಳಿದರೆ, ಬೀಗರ ಊರಲ್ಲಿ ಅದು ಕೈ ಕೊಟ್ಟರೆ ಗತಿಯೇನು, ಅಲ್ಲಿ ನಮ್ಮ ಓಣಿಯವರು ಇದ್ದಾರೆಯೇ ಎಂದು ನನಗೇ ತಿರುಗಿ ಕೇಳಿದ. ಹೊಗೆಗೆ ವರನ ಕಡೆಯವರು ಕೆಮ್ಮಿ ಕೆಮ್ಮಿ ಸುಸ್ತಾದರು. ಮದುವೆ ಏನೋ ಪುಣ್ಯಕ್ಕೆ ನಡೆಯಿತು.

ನೂಕುವ ಕೆಲಸಕ್ಕೆ ನಮ್ಮಲ್ಲಿ ಒಂದು ಶಿಸ್ತಿತ್ತು. ಡಿಕ್ಕಿಯ ಎಡ ಮೂಲೆ ಹಣಮಂತನದು. ಹಣಮಂತ ಪಕ್ಕದ ಮನೆಯವ, ನೀರಾವರಿ ಕಚೇರಿಯಲ್ಲಿ ನೌಕರಿ, ದೊಡ್ಡ ಆಳು. ನಡುವಿನ ಜಾಗ ನನ್ನದು. ಉಳಿದವರಿಗೂ ಅವರವರ ಜಾಗ ಇತ್ತು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೈ ಇಡುವಂತಿಲ್ಲ. ಹಣಮಂತ ಪರವೂರಿಗೆ ಹೋದ ದಿನ ಅವನ ಮೂಲೆ ಖಾಲಿಯೇ ಇರುತ್ತಿತ್ತು, ಗಾಡಿ ಸೊಟ್ಟ ಹೋಗುತ್ತಿತ್ತು. ಹೋಗಲಿ ಎಂದು ಬಿಡುತ್ತಿದ್ದೆವೇ ಹೊರತು ಹಣಮಂತನ ಜಾಗಕ್ಕೆ ಯಾರೂ ಕೈ ಚಾಚುತ್ತಿರಲಿಲ್ಲ. ಊರಿನಲ್ಲಿ ಹೊಲದ ಬದುವಿಗೂ ಜನ ಇಷ್ಟು ಮರ್ಯಾದೆ ಕೊಡುವುದಿಲ್ಲ.

ಇಷ್ಟೆಲ್ಲ ಪ್ರೀತಿ ಯಾತಕ್ಕೆ ಎಂದು ಕೇಳುತ್ತೀರಿ. ಸುಸಲಾಕ್ಕೆ. ಚುರಮರಿ ನೆನೆಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಪುಠಾಣಿ ಹಿಟ್ಟು ಉದುರಿಸಿ ಇಂದ್ರವ್ವ ಮಾಡುವ ಸುಸಲಾ ಒಮ್ಮೆ ತಿಂದರೆ ನೀವೂ ನೂಕುತ್ತೀರಿ. ಆ ಮನೆಯಲ್ಲಿ, ಕೆಲಸಕ್ಕೆ ಕೈ ಹಚ್ಚಿದವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ಪದ್ಧತಿ ಇಲ್ಲ. ಕಣ ಮಾಡಲು ಬಂದವರಿರಲಿ, ಬಾವಿಯಿಂದ ಮೋಟಾರ್ ಎತ್ತಲು ಬಂದವರಿರಲಿ, ಉಂಡೇ ಹೋಗಬೇಕು. ಇಂದ್ರವ್ವನ ಅತ್ತೆ ಹಾಕಿಕೊಟ್ಟ ಪದ್ಧತಿ ಅದು. ಅತ್ತೆಯ ಕಾಲದಲ್ಲಿ ಅಂಥ ಕೆಲಸ ವರ್ಷಕ್ಕೆ ಒಂದೆರಡು ಸಲ ಬರುತ್ತಿತ್ತು. ಈಗ ದಿನಾ ಮುಂಜಾನೆ ಬರುತ್ತಿತ್ತು, ಮನೆ ಮುಂದೆಯೇ.

ಗಾಡಿ ಚಾಲೂ ಆದ ಮೇಲೆ ಶಿದ್ರಾಮಪ್ಪ ಇಳಿಜಾರಿನ ಕೆಳಗಿಂದ ಸುತ್ತು ಹಾಕಿ ಬಂದು, ಬಂದ್ ಮಾಡದೆ ಹಾಗೇ ಮನೆ ಮುಂದೆ ನಿಲ್ಲಿಸುತ್ತಿದ್ದ. ನಾವು ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದೆವು. ಇಂದ್ರವ್ವ ಬಸಿ ತುಂಬ ಸುಸಲಾ, ಮೇಲೆ ಚಹಾ ತಂದು ಕೊಡುತ್ತಿದ್ದಳು. ಎರಡನೇ ಸಲ ನೀಡಿಸಿಕೊಳ್ಳದೆ ಎದ್ದರೆ ಮನೆಯವರಿಗೆ ಅವಮಾನ, ಅದಕ್ಕೇ ನೀಡಿಸಿಕೊಳ್ಳುತ್ತಿದ್ದೆವು. ಮಾತಿಗೆ ಮಾತು ಬೆಳೆಯುತ್ತಿತ್ತು. ಕಬ್ಬಿನ ದರ, ಬಾಡಗಂಡಿ ಸಕ್ಕರೆ ಕಾರ್ಖಾನೆ ಕಡೆ ನಿಂತ ಟ್ರ್ಯಾಕ್ಟರುಗಳ ಸಾಲು, ಯಾರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು, ಇವೆಲ್ಲ ಇತ್ಯರ್ಥವಾಗದೆ ಏಳುವುದು ಹೇಗೆ. ಗಾಡಿ ಪಾಪ ಅಲ್ಲೇ ನಿಂತು ಗುರುಗುಟ್ಟುತ್ತಿತ್ತು.

ಯಾರಾದರೂ ಹೀಟರ್ ಪ್ಲಗ್ ಮಾತು ತೆಗೆದರೆ ಹಣಮಂತ ಬಸಿ ಕೆಳಗಿಟ್ಟು ಗಂಭೀರನಾಗುತ್ತಿದ್ದ. 'ಹಳೇ ಇಂಜಿನ್ನಿಗೆ ಕೈ ಹಚ್ಚಬಾರದ್ರಿ ಅಣ್ಣಾ. ಪ್ಲಗ್ ಬಿಚ್ಚಾಕ ಹೋದ್ರ ಒಳಗ ಮುರದ ಬಿಡತಾವು. ಆಮ್ಯಾಲ ಪೂರಾ ಹೆಡ್ ಇಳಸಬೇಕು.'

'ನಮಗೇನ ತ್ರಾಸ ಇಲ್ಲರಿ ಅಣ್ಣಾ. ನಾವ ಅದೇವಲಾ' ಎಂದು ನಾನು ಸೇರಿಸುತ್ತಿದ್ದೆ.

ಶಿದ್ರಾಮಪ್ಪನ ಕಣ್ಣು ಒದ್ದೆಯಾಗುತ್ತಿತ್ತು. ಅವನಿಗೆ ಬೇಕಾದ ಮಾತನ್ನೇ ನಾವು ಹೇಳುತ್ತಿದ್ದೆವು, ನಮಗೆ ಬೇಕಾದ ಸುಸಲಾ ಬರುತ್ತಿತ್ತು. ನಮ್ಮ ಹೆಂಡಂದಿರಾದರೂ ಬುದ್ಧಿ ಹೇಳಬಾರದೇ ಅನ್ನಬೇಡಿ. ನಾನು ಹಾಸಿಗೆಯಲ್ಲಿ ಹೊರಳಾಡಿದರೆ ನನ್ನ ಹೆಂಡತಿ ರಾಜೇಶ್ವರಿ ಹೊದಿಕೆ ಎಳೆದು ಕಳಿಸುತ್ತಿದ್ದಳು. ನಮ್ಮ ಮನೆಯಲ್ಲಿ ಮುಂಜಾನೆ ಒಗ್ಗರಣೆಯ ವಾಸನೆ ಬಂದು ಎಷ್ಟೋ ಕಾಲವಾಗಿತ್ತು, ಆಕೆಗೂ ಅದು ಹಿತವಾಗಿತ್ತು.

ಹೀಗೆ ಎಲ್ಲರೂ ಸುಖವಾಗಿರುವಾಗ ಇಂದ್ರವ್ವನಿಗೆ ಒಂದು 'ಕೀಲಿ' ಬಂತು. ಹೊಲವಿದ್ದ ಹಳ್ಳಿಯ ಹೆಣ್ಣುಮಕ್ಕಳು ಸೇರಿ ಹಾಲಿನ ಸಂಘ ಕಟ್ಟಿದರು. ಹಾಲು ಅಳೆಯಲು, ಯಂತ್ರದಲ್ಲಿ ಕೊಬ್ಬು ನೋಡಲು, ಯಾರ ಮುಲಾಜೂ ಇಲ್ಲದೆ 'ನಿನ್ನ ಹಾಲಿನ್ಯಾಗ ನೀರ ಐತಿ' ಎಂದು ಹೇಳಲು ಒಬ್ಬರು ಬೇಕಿತ್ತು. ಕೊನೆಯ ಗುಣ ನೋಡಿ ಇಂದ್ರವ್ವನನ್ನು ಆರಿಸಿದರು. ಹಾಲಿನ ಕೇಂದ್ರದ ಕೀಲಿ ಸೊಂಟಕ್ಕೆ ಸಿಗಿಸಿಕೊಂಡ ಮೇಲೆ ಆಕೆಯ ನಡಿಗೆಯೇ ಬೇರೆಯಾಯಿತು. ಅಷ್ಟು ವರ್ಷ ಆ ಮನೆಯ ಎದುರು ಇದ್ದೇನೆ, ಆಕೆ ಹಾಡು ಗುನುಗುವುದನ್ನು ನಾನು ಕೇಳಿದ್ದು ಆ ದಿನಗಳಲ್ಲೇ.

ಕೆಲಸವೇನೋ ಸಣ್ಣದು, ಆದರೆ ಹೊತ್ತಿಗೆ ಸರಿಯಾಗಿ ಆಗಬೇಕು. ಬೆಳಗಾಗುತ್ತಲೆ ಬಾಗಿಲು ತೆರೆಯಬೇಕು, ಹಾಲು ಅಳೆದು ಕ್ಯಾನಿಗೆ ತುಂಬಿಸಬೇಕು, ಹಾಲಿನ ಗಾಡಿ ಬಂದು ಒಯ್ಯುತ್ತದೆ. ಅದು ಯಾರಿಗೂ ಕಾಯುವುದಿಲ್ಲ. ದಿನಾ ಹೋಗುವುದು ಹೇಗೆ ಎಂಬ ಮಾತು ಬಂದಾಗ ಶಿದ್ರಾಮಪ್ಪ ಮೀಸೆ ಮೇಲೆ ಕೈ ಹಾಕಿದ. 'ಮನಿ ಮುಂದ ಕಾರ್ ನಿಂತಿರಾಗ ನೀ ಬಸ್ ಹತ್ತಿ ಹೋದ್ರ ಮಂದಿ ಏನಂದಾರು? ನಾ ಬಿಡತೇನಿ ನಡಿ.'

ಬೇಸಿಗೆ ಮುಗಿಯುವವರೆಗೆ ತೊಂದರೆ ಆಗಲಿಲ್ಲ. ಮಳೆ ಬಿದ್ದು ನಮ್ಮ ಹಾಜರಿ ಶುರುವಾಯಿತು, ಚಳಿ ಏರಿದಂತೆ ಇಂದ್ರವ್ವ ಕೇಂದ್ರಕ್ಕೆ ಮುಟ್ಟುವುದು ತಡವಾಗತೊಡಗಿತು. ಹಾಳಾದ ಗಾಡಿ ಎಂದು ನಾವೆಲ್ಲ ಕಟ್ಟೆಯ ಮೇಲೆ ಕೂತು ಸುಸಲಾ ತಿನ್ನುತ್ತ ಮರುಗಿದೆವು. ಅತ್ತ ಹೆಣ್ಣುಮಕ್ಕಳು ಚಳಿಯಲ್ಲಿ ಕ್ಯಾನು ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತರು. ಒಂದು ದಿನ ಹಾಲಿನ ಗಾಡಿ ಖಾಲಿ ಹೋಯಿತು, ಹಾಲು ಹೊತ್ತು ತಂದವರು ಹೊತ್ತುಕೊಂಡೇ ತಿರುಗಿ ಹೋದರು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಆಗ ದಾನಮ್ಮ ಬಾಯಿ ತೆರೆದಳು. ದಾನಮ್ಮನ ಮನೆ ಕೇಂದ್ರದ ಗೋಡೆಗೆ ಹತ್ತಿಕೊಂಡೇ ಇದೆ, ಕೀಲಿಯ ಮೇಲೆ ಆಕೆಗೆ ಮೊದಲಿಂದ ಕಣ್ಣು.

'ನಾಳಿ ಮತ್ತ ತಡಾ ಆತಂದ್ರ ಕೀಲಿ ನನ್ನ ಕೈಯಾಗ ಕೊಡ್ರಿ' ಎಂದು ಎಲ್ಲರೆದುರು ಹೇಳಿದಳಂತೆ. 'ನನಗ ಕಾರ್ ಇಲ್ಲ ಖರೆ. ಕಾಲ ಅದಾವು.'

ಸಂಘದವರು ಹೂಂ ಅಂದರು. ಅಂದೇ ಮುಂಜಾನೆ ತಿರುಗಿ ಬಂದ ಇಂದ್ರವ್ವ ಗಾಡಿಯಿಂದ ಇಳಿದವಳೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಶಿದ್ರಾಮಪ್ಪ ಎದುರಿಗೆ ನಿಂತ. ನಾನು ಕದ್ದು ಕೇಳಿದವನಲ್ಲ, ಎದುರು ಮನೆಯವನಿಗೆ ತಾನೇ ಕೇಳಿಸುತ್ತದೆ.

'ಇವತ್ತ ಆ ಪ್ಲಗ್ ಬದಲಾಗಬೇಕ್ರಿ' ಅಂದಳು. 'ನಾಳಿಂದ ನಮ್ಮ ಗಾಡಿ ಯಾರೂ ನೂಕಬಾರದು.'

'ಅಲ್ಲಾ ಇಂದ್ರಾ, ಮಂದಿ ಪ್ರೀತಿಲೆ ಬರತಾರ. ಬ್ಯಾಡ ಅಂದ್ರ ಏನ ತಿಳಕೋತಾರ?'

'ಪ್ರೀತಿ ಇದ್ರ ನೂಕಾಕ ಇಲ್ಲದಾಗೂ ಬರಲಿ. ಆ ಕೀಲಿ ಹೋತಂದ್ರ ನಾ ಮತ್ತ ಮುಂಜಾನಿಂದ ಸಂಜೀತನಾ ಒಲಿ ಮುಂದ ಕುಂದರೂದ. ನನಗ ಅದು ಬ್ಯಾಡಾಗೇತ್ರಿ. ನನ್ನ ಹೆಸರಲೆ ನನಗ ಕೊಟ್ಟದ್ದು ಅದೊಂದ ಕೆಲಸ.'

ಕೊನೆಯ ಮಾತು ಹೇಳುವಾಗ ಆಕೆ ಸೊಂಟದ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಶಿದ್ರಾಮಪ್ಪ ಎಷ್ಟೇ ಜಂಬದವನಾದರೂ ಹೆಂಡತಿ ಅಂದರೆ ಅವನಿಗೆ ಜೀವ. ನಿಂತಲ್ಲಿಂದಲೇ ಮಿಸ್ತ್ರಿ ಮಹಾಲಿಂಗನಿಗೆ ಫೋನ್ ಹಚ್ಚಿದ. ಆಮೇಲೆ ರಸ್ತೆ ದಾಟಿ ನನ್ನ ಬಾಗಿಲಿಗೆ ಬಂದು, ಒಳಗೂ ಬರದೆ ಹೊರಗೂ ಹೋಗದೆ ನಿಂತ.

'ಸಿದ್ದಾರೂಢ, ಪ್ಲಗ್ ಹಾಕಿಸಿದ ಮ್ಯಾಲ ನೀವ್ಯಾರೂ ಬರೂದಿಲ್ಲೇನ?'

'ಯಾಕ ಬರೂದಿಲ್ಲರಿ ಅಣ್ಣಾ, ದಿನಾ ಬರತೇವಿ' ಅಂದೆ. ಎಲೆಕ್ಷನ್ನಿನಲ್ಲಿ ಅವನಿಗೆ ಮತ ಹಾಕಿದ್ದೆಷ್ಟು ಖರೆಯೋ ಇದೂ ಅಷ್ಟೇ ಖರೆ. ಅವನು ನನ್ನ ಭುಜ ಒತ್ತಿ ಹೋದ. ನನಗೆ ಒಂದು ಗಳಿಗೆ ಅವನ ಮೇಲೆ ಕರುಣೆಯೇ ಬಂತು, ನಾಳೆಯ ಸುಸಲಾ ನೆನಪಾಗಿ ಸಿಟ್ಟೂ ಬಂತು.

ಮಹಾಲಿಂಗ ಮಧ್ಯಾಹ್ನದೊಳಗೆ ಬರುತ್ತೇನೆ ಅಂದಿದ್ದ. ನಮ್ಮೂರಿನ ಮಿಸ್ತ್ರಿಗಳ ಮಧ್ಯಾಹ್ನ ದೀಪ ಹಚ್ಚುವ ಹೊತ್ತಿಗೆ ಬರುತ್ತದೆ. ಬಂದವನು ಪೆಟ್ಟಿಗೆ ಇಳಿಸಿ, ಬಾನೆಟ್ ಎತ್ತಿ, ಇಂಜಿನ್ ಮೇಲೆ ಅಂಗೈ ಇಟ್ಟು ತಲೆ ಅಲ್ಲಾಡಿಸಿದ.

'ತಣ್ಣಗ ಐತ್ರಿ ಇದು. ತಣ್ಣನ ಇಂಜಿನ್ನಿನ್ಯಾಗ ಹಳೇ ಪ್ಲಗ್ ತಿರುವಿದ್ರ ಕಟ್ಟಂತ ಮುರೀತೈತಿ. ಒಂದ ನಾಕ ಸುತ್ತ ಹೊಡದ ಬಿಸಿ ಮಾಡಕೊಂಡ ಬರ್ರಿ.'

ಹೇಳಿದ ಹೊತ್ತಿಗೆ ಅವನು ಬಂದಿದ್ದರೆ, ಹಳ್ಳಿಯಿಂದ ಬಂದ ಇಂಜಿನ್ ಇನ್ನೂ ಬಿಸಿಯೇ ಇರುತ್ತಿತ್ತು. ಆ ಮಾತನ್ನು ಯಾರೂ ಆಡಲಿಲ್ಲ. ಆಡಿದರೆ ಅವನು ಪೆಟ್ಟಿಗೆ ಎತ್ತಿಕೊಂಡು ನಾಳೆ ಬರುತ್ತೇನೆ ಅನ್ನುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಶಿದ್ರಾಮಪ್ಪ ಕೀಲಿ ತಿರುವಿದ. ಗಾಡಿ ಗೊರ ಗೊರ ಅಂದು ಸುಮ್ಮನಾಯಿತು. ಇನ್ನು ಮುಂದೆ ನೂಕುವುದು ಬೇಡವಾಗಬೇಕಾದರೆ ಈಗೊಮ್ಮೆ ನೂಕಬೇಕು. ಅದಕ್ಕೆ ಕರೆಸಿದ್ದು ನಮ್ಮನ್ನೇ.

ಓಣಿಯ ಗಂಡಸರೆಲ್ಲ ಬಂದೆವು. ಅವರವರ ಜಾಗದಲ್ಲಿ ನಿಂತೆವು. ಯಾರೂ ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಶಿದ್ರಾಮಪ್ಪ ಬೆರಳು ಅಲ್ಲಾಡಿಸಿದ, ನಾವು ಕೈ ಕೊಟ್ಟೆವು, ಬಲ ಕೊಡಲಿಲ್ಲ. ಹಣಮಂತ ಹೆರಿಗೆ ನೋವು ಬಂದವಳ ಹಾಗೆ ನರಳಿದ, ಹಣೆಯ ನರ ಉಬ್ಬಿಸಿದ. ನಾನು ಚಪ್ಪಲಿ ಜಾರಿದವನ ಹಾಗೆ ಎರಡು ಸಲ ಮುಗ್ಗರಿಸಿದೆ. ಗಾಡಿ ಒಂದು ಮಾರು ಹೋಗಿ ನಿಂತಿತು. ಮತ್ತೊಮ್ಮೆ ನೂಕಿದೆವು, ಇದ್ದಲ್ಲೇ ಇತ್ತು.

'ಯಾಕೋ ಇವತ್ತ ಭಾಳ ಭಾರ ಆಗೇತ್ರಿ ಅಣ್ಣಾ' ಎಂದು ಹಣಮಂತ ಸೊಂಟಕ್ಕೆ ಕೈ ಕೊಟ್ಟು ನಿಂತ. 'ಮುಂದ ಸರಿಯವಲ್ದು. ನಾಳಿ ಮುಂಜಾನೆ ನೋಡೂಣಂತ.'

ಮಹಾಲಿಂಗ ಆಗಲೇ ಪೆಟ್ಟಿಗೆಯ ಮುಚ್ಚಳ ಹಾಕತೊಡಗಿದ್ದ. ಶಿದ್ರಾಮಪ್ಪ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತ ಕೂತಿದ್ದ. ಹೆಂಡತಿಯ ಕೀಲಿ ಹೋಗುತ್ತದೆ ಎಂದು ಸಂಕಟವೋ, ನಾಳೆಯೂ ನಾವು ಬರುತ್ತೇವೆ ಎಂದು ಸಮಾಧಾನವೋ, ಅವನಿಗೇ ತಿಳಿದಂತಿರಲಿಲ್ಲ. ಬಾಗಿಲಲ್ಲಿ ನಿಂತ ಇಂದ್ರವ್ವ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದಳು. ನನ್ನ ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನೋಡಿದಳೆಂದು ನನಗೆ ಅನ್ನಿಸಿತು. ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಎಣ್ಣೆ ಕಾದ ವಾಸನೆ ಬಂತು. ಆಮೇಲೆ ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬೀಳುವ ಸಪ್ಪಳ. ಮನೆಗೆ ಹೊರಟಿದ್ದ ಹಣಮಂತ ಕಟ್ಟೆಯ ಮೇಲೆ ಕೂತ, ನಾವೂ ಕೂತೆವು. ಚಳಿಗಾಲದ ಸಂಜೆ, ಮಿರ್ಚಿ ಭಜಿ, ಮನುಷ್ಯನಾದವನು ಏನು ಮಾಡಬೇಕು ಹೇಳಿ. ಇಂದ್ರವ್ವ ಪರಾತದ ತುಂಬ ಭಜಿ ಹೊತ್ತು ಹೊರಗೆ ಬಂದಳು. ನಾವು ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟೆವು. ಆಕೆ ಕಟ್ಟೆಯನ್ನು ದಾಟಿ, ನಮ್ಮನ್ನು ದಾಟಿ, ಗಾಡಿಯನ್ನೂ ದಾಟಿ, ಇಳಿಜಾರಿನ ಕೆಳಗೆ ಹೋಗಿ ಅಲ್ಲಿದ್ದ ಕಲ್ಲಿನ ಮೇಲೆ ಪರಾತ ಇಟ್ಟುಕೊಂಡು ಕೂತಳು.

'ಗಾಡಿ ಇಲ್ಲಿ ಮುಟ್ಟಿದ ಮ್ಯಾಲ ತಿನ್ರಿ' ಎಂದು ಅಲ್ಲಿಂದಲೇ ಕೂಗಿದಳು. 'ಆರಿ ಹೋದ್ರ ನನಗ ಅನಬ್ಯಾಡ್ರಿ.'

ಆ ಗಾಡಿ ಹುಟ್ಟಿದ ಮೇಲೆ ಅಂಥ ನೂಕು ಕಂಡಿರಲಿಲ್ಲ. ಹಣಮಂತನ ಸೊಂಟ ನೆಟ್ಟಗಾಯಿತು, ನನ್ನ ಚಪ್ಪಲಿ ನೆಲ ಹಿಡಿಯಿತು. ಶಿದ್ರಾಮಪ್ಪ ಬೆರಳು ಅಲ್ಲಾಡಿಸುವಷ್ಟರಲ್ಲೇ ನಾವು ಇಳಿಜಾರಿನಲ್ಲಿದ್ದೆವು. ಗಾಡಿ ಒಂದೇ ಕೆಮ್ಮಿಗೆ ಚಾಲೂ ಆಗಿ ಹೊಗೆ ಉಗುಳುತ್ತ ಬಸ್ ಸ್ಟ್ಯಾಂಡಿನ ಕಡೆ ಓಡಿತು. ನಾವು ಪರಾತದ ಸುತ್ತ ನಿಂತೆವು. ಒಂದು ಪರಾತ ಭಜಿಗಾಗಿ ನಮ್ಮ ಚಳಿಗಾಲದ ಸುಸಲಾವನ್ನೆಲ್ಲ ನಾವೇ ಕೈಯಾರೆ ನೂಕಿ ಬಿಟ್ಟೆವೆಂದು ಮೂರನೇ ಭಜಿ ತಿನ್ನುವಾಗ ನನಗೆ ಹೊಳೆಯಿತು. ಬಾಯಿ ಸುಡುತ್ತಿತ್ತು, ನುಂಗಿದೆ.

ಗಾಡಿ ಬಿಸಿಯಾಗಿ ಬಂದ ಮೇಲೆ ಮಹಾಲಿಂಗ ಕೆಲಸ ಶುರು ಮಾಡಿದ. ಪ್ಲಗ್ಗುಗಳ ತಲೆಯ ಮೇಲೆ ಹಾಯ್ದ ಕರೆಂಟಿನ ಪಟ್ಟಿ ಬಿಚ್ಚಿದ, ಬುಡಕ್ಕೆ ಎಣ್ಣೆ ಬಿಟ್ಟ, ಪಾನಾ ಹಾಕಿ ಮೆಲ್ಲಗೆ ತಿರುವಿದ. ಮೂರು ಪ್ಲಗ್ ಬಂದವು, ಸುಟ್ಟ ಬದನೆಕಾಯಿಯ ತೊಟ್ಟಿನ ಹಾಗೆ ಕರ್ರಗೆ. ನಾಲ್ಕನೆಯದು ಮಿಸುಕಲಿಲ್ಲ. ಮತ್ತೆ ಎಣ್ಣೆ ಬಿಟ್ಟ. ಸ್ವಲ್ಪ ಸಡಿಲು ಮಾಡಿದ, ಸ್ವಲ್ಪ ಬಿಗಿ ಮಾಡಿದ. ಕಿರ್ ಎಂದು ಸದ್ದು ಬಂತು.

'ನಾ ಹೇಳಿದ್ನಿಲ್ಲ?' ಎಂದು ಹಣಮಂತ ಬಾಯಿ ಒರೆಸಿಕೊಳ್ಳುತ್ತ ಹೇಳಿದ. 'ಮುರೀತೈತಿ ನೋಡ್ರಿ. ಗಾಡಿ ಒಂದ ವಾರ ಗ್ಯಾರೇಜಿನ್ಯಾಗ.'

ಶಿದ್ರಾಮಪ್ಪನ ಮುಖ ಬಿಳಿಚಿಕೊಂಡಿತು. ಗಾಡಿ ಗ್ಯಾರೇಜಿಗೆ ಹೋದರೆ ನಾಳೆ ಮುಂಜಾನೆ ಕೇಂದ್ರಕ್ಕೆ ಹೇಗೆ, ಕೀಲಿ ದಾನಮ್ಮನಿಗೆ ಹೋದ ಹಾಗೇ. ಮೊಬೈಲಿನ ಬೆಳಕು ಹಿಡಿದು ನಿಂತಿದ್ದ ಇಂದ್ರವ್ವ ಮಾತ್ರ ಗಾಬರಿಯಾದಂತೆ ಕಾಣಲಿಲ್ಲ.

'ಮುರದ್ರ ಮುರೀಲಿ. ಗ್ಯಾರೇಜಿಗೆ ಒಯ್ರಿ' ಅಂದಳು.

ಹೆಂಗಸರಿಗೆ ಇಂಜಿನ್ನಿನ ಕಷ್ಟ ಏನು ಗೊತ್ತು ಎಂದು ನಾವು ಮುಖ ಮುಖ ನೋಡಿಕೊಂಡೆವು. ಮಹಾಲಿಂಗ ಮಾತ್ರ ಉಸಿರು ಬಿಗಿಹಿಡಿದು ತಿರುವಿದ. ಪ್ಲಗ್ ಮುರಿಯಲಿಲ್ಲ, ಕೈಗೆ ಬಂತು. ಹಳೆಯದೊಂದನ್ನು ಬ್ಯಾಟರಿಗೆ ಹಿಡಿದು ತೋರಿಸಿದ, ಅದು ಕರ್ರಗೆ ಹಾಗೇ ಇತ್ತು. ಹೊಸದನ್ನು ಹಿಡಿದ, ತುದಿ ಒಲೆಯೊಳಗಿನ ಕೆಂಡದಂತೆ ಕೆಂಪಾಯಿತು. ನಾಲ್ಕನ್ನೂ ಮೊದಲು ಕೈಯಿಂದ ತಿರುವಿ ಕೂಡಿಸಿ, ಆಮೇಲೆ ಪಾನಾ ಹಾಕಿ ಬಿಗಿದು, ಪಟ್ಟಿ ಕಟ್ಟಿದ. ಇಷ್ಟು ವರ್ಷದ ನಮ್ಮ ಉದ್ಯೋಗ ಅಷ್ಟರಲ್ಲಿ ಮುಗಿಯಿತು.

ಮರುದಿನ ಮುಂಜಾನೆ ರೂಢಿಯಂತೆ ಎಚ್ಚರವಾಯಿತು. ಹೊರಗೆ ಬಂದು ನೋಡಿದರೆ ಹಣಮಂತನೂ ಮಫ್ಲರ್ ಸುತ್ತಿಕೊಂಡು ತನ್ನ ಮೂಲೆಯಲ್ಲಿ ನಿಂತಿದ್ದ. ಉಳಿದವರೂ ಬಂದರು. ಹೊಸ ಪ್ಲಗ್ ಎಂದರೇನು, ಮೊದಲನೇ ದಿನ ಕೈ ಕೊಟ್ಟರೂ ಕೊಡಬಹುದು ಎಂಬ ಆಸೆ ಎಲ್ಲರಿಗೂ ಇತ್ತು. ನಮ್ಮನ್ನು ಕನ್ನಡಿಯಲ್ಲಿ ಕಂಡು ಶಿದ್ರಾಮಪ್ಪ ಹಲ್ಲು ಬಿಟ್ಟು ನಕ್ಕ. ಕೀಲಿಯನ್ನು ಅರ್ಧ ತಿರುವಿ ಕಾದ. ಒಳಗೆ ಹಳದಿ ದೀಪ ಹತ್ತಿತು, ಆರಿತು. ಪೂರ್ತಿ ತಿರುವಿದ. ಗಾಡಿ ಕೆಮ್ಮಲಿಲ್ಲ, ಉಗುಳಲಿಲ್ಲ, ಒಮ್ಮೆಲೇ ಚಾಲೂ ಆಗಿ ನಾಲ್ಕು ಹೆಜ್ಜೆ ಮುಂದೆ ಹೋಯಿತು. ಡಿಕ್ಕಿಯ ಮೇಲೆ ಭಾರ ಬಿಟ್ಟಿದ್ದ ಹಣಮಂತ ಮೂಗು ನೆಲಕ್ಕೆ ಬಡಿಯುವಂತೆ ಮುಗ್ಗರಿಸಿದ. ಉಳಿದವರ ಕೈಗಳು ಚಾಚಿದಲ್ಲೇ ಇದ್ದವು.

ಶಿದ್ರಾಮಪ್ಪ ಹಾರ್ನ್ ಹಾಕಿದ. ಯಾರೂ ಬರಲಿಲ್ಲ. ಮತ್ತೆ ಹಾಕಿದ. 'ಇಂದ್ರಾ, ಚಾಲೂ ಐತಿ, ಲಗೂನ ಬಾ' ಎಂದು ಕರೆದ. ಅಡುಗೆಮನೆಯ ಕಡೆಯಿಂದ ವಾಸನೆಯಿಲ್ಲ, ಸಪ್ಪಳವಿಲ್ಲ. ಇಳಿದು ಹೋಗಿ ಒಳಗೆ ಇಣುಕಿದ, ಹಿತ್ತಲಿಗೂ ಹೋಗಿ ಬಂದ. ಆಗ ನಮ್ಮ ಮನೆಯ ಬಾಗಿಲಿಂದ ರಾಜೇಶ್ವರಿ ಹೇಳಿದಳು.

'ವೈನಿ ಆಗಳೇ ಹೋದ್ರಲ್ರೀ. ಆರರ ಬಸ್ಸಿಗೆ.'

ಶಿದ್ರಾಮಪ್ಪ ಚಾಲೂ ಇದ್ದ ಗಾಡಿಯನ್ನೊಮ್ಮೆ ನೋಡಿದ, ನಮ್ಮನ್ನೊಮ್ಮೆ ನೋಡಿದ. 'ಹತ್ತರಿ ಎಲ್ಲಾರೂ' ಅಂದ. ಒಬ್ಬನೇ ಹೋಗಲು ಅವನಿಗೆ ಮನಸ್ಸಾಗಲಿಲ್ಲ ಎಂದು ಕಾಣುತ್ತದೆ. ಹಿಡಿಸಿದಷ್ಟು ಜನ ತುರುಕಿಕೊಂಡು ಕೂತೆವು. ಆ ಗಾಡಿಯೊಳಗೆ ನಾನು ಕೂತದ್ದು ಅದೇ ಮೊದಲು. ನನಗೆ ಅದರ ಪರಿಚಯವಿದ್ದದ್ದು ಹಿಂದಿನಿಂದ ಮಾತ್ರ. ಸೀಟು ಮೆತ್ತಗಿತ್ತು, ಹೊಟ್ಟೆ ಚುರುಗುಡುತ್ತಿತ್ತು.

ಹಳ್ಳಿಗೆ ಮುಟ್ಟಿದಾಗ ಕೇಂದ್ರದ ಬಾಗಿಲು ತೆರೆದಿತ್ತು. ಹೆಣ್ಣುಮಕ್ಕಳು ಕ್ಯಾನು ಹಿಡಿದು ಪಾಳಿಯಲ್ಲಿ ನಿಂತಿದ್ದರು. ದಾನಮ್ಮ ಕೂಡ ನಿಂತಿದ್ದಳು, ಮುಖ ಒಂದಿಷ್ಟು ದಪ್ಪಗೆ ಮಾಡಿಕೊಂಡು. ಹಾಲಿನ ಗಾಡಿ ಇನ್ನೂ ಬಂದಿರಲಿಲ್ಲ. ಇಂದ್ರವ್ವ ಹಾಲು ಅಳೆಯುತ್ತಿದ್ದಳು, ಕೀಲಿ ಸೊಂಟದಲ್ಲೇ ಇತ್ತು. ಶಿದ್ರಾಮಪ್ಪ ಪಾಳಿಯ ನಡುವೆ ನುಗ್ಗಿ ಮುಂದೆ ಹೋದ. ನಾವು ಅವನ ಬೆನ್ನ ಹಿಂದೆ ನಿಂತೆವು, ರೂಢಿ.

'ಇಂದ್ರಾ, ಕೀಲಿ ತಿರುವಿದ ಕೂಡ್ಲೆ ಚಾಲೂ ಆತು ಗಾಡಿ. ನಿನ್ನ ಸಂಬಂಧನ ಪ್ಲಗ್ ಹಾಕಿಸೇನಿ. ನೀ ನೋಡಿದ್ರ ಬಸ್ಸಿಗೆ ಬಂದಿ.'

ಆಕೆ ಅಳತೆ ಮುಗಿಸಿ, ಹಾಲು ಕ್ಯಾನಿಗೆ ಸುರಿದು, ಆಮೇಲೆ ತಲೆಯೆತ್ತಿದಳು. ಸಿಟ್ಟಿರಲಿಲ್ಲ.

'ಬಸ್ಸು ಮೊದಲಿಂದಾನೂ ಆರಕ್ಕ ಐತ್ರಿ. ಆ ಹೊತ್ತಿಗೆ ನಾ ಇವರಿಗೆ ಸುಸಲಾ ನೀಡತಿದ್ದೆ.'

'ಮತ್ತ ಪ್ಲಗ್ ಯಾಕ ಹಾಕಸಂದಿ?'

'ಇವರು ಬರೂದು ನಿಂದರಬೇಕಾಗಿತ್ತು.'

ಶಿದ್ರಾಮಪ್ಪ ನನ್ನ ಕಡೆ ತಿರುಗಿದ. ನಾನು ಹಣಮಂತನ ಕಡೆ ತಿರುಗಿದೆ. ಹಣಮಂತ ಮಫ್ಲರ್ ಬಿಚ್ಚಿ ಮತ್ತೆ ಕಟ್ಟಿಕೊಳ್ಳತೊಡಗಿದ. ಪಾಳಿಯಲ್ಲಿದ್ದವರ ಪೈಕಿ ಯಾರೋ ಮುಂದೆ ಯಾಕೆ ಸರಿಯುತ್ತಿಲ್ಲ ಎಂದು ಹಿಂದಿನಿಂದ ಕೇಳಿದರು.

'ಬದೀಗೆ ಸರೀರಿ' ಎಂದು ಇಂದ್ರವ್ವ ನಮ್ಮೆಲ್ಲರಿಗೂ ಹೇಳಿದಳು. 'ಹಾಲಿನ ಗಾಡಿ ಬರೂ ಹೊತ್ತಾತು.'

ದಾನಮ್ಮ ತನ್ನ ಕ್ಯಾನು ಎತ್ತಿ ಮುಂದೆ ಇಟ್ಟಳು. ನಾವು ಬದಿಗೆ ಸರಿದೆವು.